ಸ್ವಾಭಿರುಚಿ ಮೀಮಾಂಸೆ ಅರ್ಥಾತ್ ‘ನಿನಗೇನಿಷ್ಟ?’ ಎಂಬ ಪ್ರಶ್ನೆಗೆ ಶಾಸ್ತ್ರೀಯ ಪರಿಹಾರ

೧. ಪೀಠಿಕೆ

ಬೆಂಗಳೂರಿನ ಒಂದು ಕಾಲೇಜಿನಲ್ಲಿ ಗೇಮ್ ಡಿಸೈನ್ ಕೋರ್ಸಿಗೆ ಸೇರಿದ ಮೊದಲ ವಾರವೇ ಪ್ರಸ್ತುತ ಲೇಖಕಿಗೆ ಒಂದು ಫಾರಂ ಪ್ರಾಪ್ತವಾಯಿತು. ಅದರ ನಾಲ್ಕನೆಯ ಕಾಲಂ ‘ಮನರಂಜನಾ ಅಭಿರುಚಿ ಮತ್ತು ಹವ್ಯಾಸಗಳು’. ಲೇಖಕಿ ಮುಗ್ಧವಾಗಿ ‘ಆಟ ಆಡೋದು, ಸಿನಿಮಾ ನೋಡೋದು, ಸುಮ್ಮನೆ ಕೂರೋದು’ ಎಂದು ತುಂಬಿದಳು. ‘ಸೈದ್ಧಾಂತಿಕ ಚೌಕಟ್ಟಿನ ಕೊರತೆ ಇದೆ’ ಎಂಬ ಕೆಂಪು ಷರಾ ಹೊತ್ತು ಫಾರಂ ವಾಪಸಾಯಿತು. ಆ ಕೊರತೆ ನೀಗಿಸುವುದೇ ಈ ಪ್ರಬಂಧದ ಉದ್ದೇಶ.

೨. ಪಾರಿಭಾಷಿಕ ಪದಗಳು

ಸುಮ್ಮನೆ ಕೂರುವುದು ಎಂದರೆ ‘ಬಹಿರಂಗ-ಕ್ರಿಯಾಶೂನ್ಯ ಅಂತರಂಗಾನುಭವ ವಿನ್ಯಾಸ’. ಸಿನಿಮಾ ನೋಡುವುದು ‘ಆಯ್ಕೆರಹಿತ ರೇಖೀಯ ಕಥನಾನುಸಂಧಾನ’. ಇಂಟರ್‌ವಲ್ಲಿನಲ್ಲಿ ಸಮೋಸವೋ ಪಾಪ್‌ಕಾರ್ನೋ ಎಂಬುದೊಂದೇ ಅಲ್ಲಿನ ‘ಕರ್ತೃತ್ವ ಬಿಂದು’. ಇನ್ನು ಆಟ. ೧೯೩೮ರ ‘ಹೋಮೋ ಲೂಡೆನ್ಸ್’ನಲ್ಲಿ ಡಚ್ ವಿದ್ವಾಂಸ ಯೊಹಾನ್ ಹೊಯ್ಜಿಂಗ ಹೇಳಿದ ‘ಮಾಯಾವೃತ್ತ’ವನ್ನು, ಅಂದರೆ ಆಟ ನಡೆಯುವಷ್ಟು ಹೊತ್ತು ಲೋಕದಿಂದ ಬೇರೆಯಾಗಿ ನಿಲ್ಲುವ ಜಾಗವನ್ನು, ನಮ್ಮ ತರಗತಿಯಲ್ಲಿ ದಿನಕ್ಕೊಮ್ಮೆಯಾದರೂ ಸ್ಮರಿಸಲಾಗುತ್ತದೆ. ತಿಪಟೂರಿನ ಅಜ್ಜಿಮನೆಯ ಕೆಂಪು ನೆಲದ ಮೇಲೆ ಬಳಪದಲ್ಲಿ ಗೀಚಿದ ಚೌಕಾಬಾರದ ಐದಕ್ಕೈದು ಮನೆಗಳನ್ನು ಪರಿಶೀಲಿಸಲಾಗಿ, ಅದು ವೃತ್ತವಲ್ಲ, ಚೌಕ ಎಂದು ತಿಳಿದುಬಂತು. ಆದ್ದರಿಂದ ‘ಮಾಯಾಚೌಕ’ ಎಂಬ ತಿದ್ದುಪಡಿಯನ್ನು ವಿದ್ವಜ್ಜನರ ಅವಗಾಹನೆಗೆ ತರಲಾಗಿದೆ.

೩. ವರ್ಗೀಕರಣ

ಫ್ರಾನ್ಸಿನ ರೋಜೆ ಕಾಯ್ವಾ ೧೯೫೮ರಲ್ಲಿ ಆಟಗಳನ್ನು ನಾಲ್ಕಾಗಿ ವಿಂಗಡಿಸಿದ. ಲೇಖಕಿಯ ಅಭಿರುಚಿಯನ್ನು ಅದಕ್ಕೆ ಹೊಂದಿಸಿದರೆ:

ಸ್ಪರ್ಧೆ: ಪಬ್‌ಜಿ. ೨೦೨೦ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿದಾಗ ಚಿಕ್ಕಪ್ಪನ ಮಗ ಊಟ ಬಿಟ್ಟ. ಮರುವರ್ಷ ಅದು ಬಿಜಿಎಂಐ ಎಂಬ ಹೆಸರಿನಲ್ಲಿ ಬಂದಾಗ ಓದು ಬಿಟ್ಟ.

ಅದೃಷ್ಟ: ಕೊನೆಯ ಸುತ್ತಿನವರೆಗೂ ನೆಟ್‌ವರ್ಕ್ ಇರುವುದು.

ವೇಷ: ತರಗತಿಯಲ್ಲಿ ಗುಂಪಿನಲ್ಲಿ ಗೋವಿಂದ ಎಂಬಂತೆ ‘ಜರ್ನಿ ನನ್ನ ಬದುಕನ್ನೇ ಬದಲಿಸಿತು’ ಎಂದದ್ದು. ೨೦೧೨ರಲ್ಲಿ ಆ ಆಟ ಬಂದದ್ದು ಪ್ಲೇಸ್ಟೇಷನ್ ೩ಕ್ಕೆ. ನಮ್ಮ ಮನೆಯಲ್ಲಿದ್ದದ್ದು ಅಪ್ಪನ ಫೋನು. ಅದೂ ಅವರು ಸ್ನಾನಕ್ಕೆ ಹೋದಾಗ.

ತಲೆಸುತ್ತು: ಜಾತ್ರೆಯ ತೊಟ್ಟಿಲು. ಮೇಲಿನ ಮೂರನ್ನು ಬರೆದದ್ದರಿಂದಲೂ ಬಂದಿದೆ.

ಮುಂದೆ ೧೯೯೬ರಲ್ಲಿ ರಿಚರ್ಡ್ ಬಾರ್ಟಲ್ ಆಟಗಾರರನ್ನು ವಿಂಗಡಿಸಿದ. ಅವನಿಗೂ ಸಿಕ್ಕಿದ್ದು ನಾಲ್ಕೇ ಬಗೆ. ಚೌಕಾಬಾರದಲ್ಲಿ ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಪಂಡಿತರಿಗೆ ಚೌಕವೇ ಬೀಳುತ್ತದೆ. ಬಾರ ಬಿದ್ದ ಸಿದ್ಧಾಂತಿ ನನಗಿನ್ನೂ ಸಿಕ್ಕಿಲ್ಲ. ಇನ್ನು ಉಪವರ್ಗಗಳು... ಬೇಡ, ಬಿಡಿ.

೪. ಪೂರ್ವಪಕ್ಷ

ಚೌಕಾಬಾರ ಇಷ್ಟ ಎಂದು ತರಗತಿಯಲ್ಲಿ ಹೇಳಿದೆ. ‘ಗುಡ್. ಇದರ ಟಾರ್ಗೆಟ್ ಆಡಿಯನ್ಸ್ ಯಾರು?’ ಎಂಬ ಪ್ರಶ್ನೆ ಬಂತು. ನಮ್ಮಜ್ಜಿ, ಸಾರ್. ಎಪ್ಪತ್ತೆಂಟು ವರ್ಷ, ಮಂಡಿನೋವು, ತಾನು ಸೋತ ದಿನ ಯಾರಿಗೂ ಕಾಫಿ ಇಲ್ಲ. ‘ಪೋರ್ಟ್‌ಫೋಲಿಯೊಗೆ ಹೇಗೆ ಬಳಸ್ತೀಯ?’ ಬಳಸುವುದಿಲ್ಲ! ಇಷ್ಟ ಅಂದೆ, ಅಷ್ಟೆ. ಇಷ್ಟಕ್ಕೂ ಜಮಾಖರ್ಚು ಒಪ್ಪಿಸಬೇಕೆ?

ಆಟ ಇಷ್ಟಪಟ್ಟ ಅರಸರೊಬ್ಬರೂ ಇದ್ದರು. ೧೮೩೧ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕಿತ್ತುಕೊಂಡರು. ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟ, ಗಂಜೀಫಾ ಎಲೆಯಾಟಗಳಲ್ಲಿ ಮುಳುಗಿದರು. ಶ್ರೀತತ್ತ್ವನಿಧಿ ಎಂಬ ತಮ್ಮ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದನ್ನು ಆಟಗಳಿಗೆ ಬಿಟ್ಟುಕೊಟ್ಟರು. ಆಡಳಿತ ಕಳೆದುಕೊಂಡು ಕೂತ ಅರಸರು ಆ ಭಾಗಕ್ಕೆ ಇಟ್ಟ ಹೆಸರು ಕೌತುಕನಿಧಿ. ಕೌತುಕ! ನಮ್ಮ ಪಠ್ಯದಲ್ಲಿ ಅದನ್ನು ‘ಎಂಗೇಜ್‌ಮೆಂಟ್’ ಎನ್ನುತ್ತಾರೆ, ನಿಮಿಷಗಳಲ್ಲಿ ಅಳೆಯುತ್ತಾರೆ.

೫. ಸಿದ್ಧಾಂತ

ನಾನೂ ಫಾರಂ ತುಂಬುವುದನ್ನು ಕಲಿತುಬಿಟ್ಟೆ. ಸಂಕಟ ಇರುವುದು ಅಲ್ಲಿ. ಮೊದಲೆಲ್ಲ ಹೊದಿಕೆಯೊಳಗೆ ಫೋನ್ ಇಟ್ಟುಕೊಂಡು ರಾತ್ರಿ ಎರಡರವರೆಗೆ ಆಡುತ್ತಿದ್ದವಳು, ಈಗ ಐದು ನಿಮಿಷಕ್ಕೇ ನಿಲ್ಲಿಸಿ, ಇಲ್ಲಿ ಬಹುಮಾನ ಯಾಕೆ ಕೊಟ್ಟರು, ಅಲ್ಲಿ ಯಾಕೆ ಕಾಯಿಸಿದರು ಎಂದು ನೋಟ್ಸ್ ಮಾಡುತ್ತೇನೆ. ಸಿನಿಮಾ ನೋಡುತ್ತ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರೆ ನಾನು ಇದು ಎಷ್ಟನೆಯ ನಿಮಿಷ ಎಂದು ಗಡಿಯಾರ ನೋಡುತ್ತೇನೆ. ಸುಮ್ಮನೆ ಕೂರುವುದಂತೂ ಮರೆತೇಹೋಗಿದೆ.

ದಸರಾ ರಜೆಗೆ ತಿಪಟೂರಿಗೆ ಹೋದೆ. ಅಜ್ಜಿ ಬಳಪ ಹಿಡಿದು ಮನೆ ಗೀಚಿದಳು. ನಾಲ್ಕು ಕವಡೆ, ಹದಿನಾರು ಸಾಧ್ಯತೆ, ಬಾರ ಅದರಲ್ಲಿ ಒಂದೇ. ಕವಡೆ ಎರಡೂ ಕಡೆಗೆ ಸಮವಾಗಿ ಬೀಳುವುದಾದರೆ ಸರಾಸರಿ ೨.೫ ಎಂದು ಮುಷ್ಟಿ ಬಿಗಿಹಿಡಿದು ಎಣಿಸುತ್ತಿದ್ದೆ.

‘ಲೆಕ್ಕ ಆಮೇಲ್ ಹಾಕೀವಂತೆ, ಮೊದ್ಲು ಕವಡೆ ಹಾಕೇ’ ಎಂದಳು.

ಹಾಕಿದೆ. ಒಂದು. ಅಜ್ಜಿ ಮುಷ್ಟಿಗೆ ಉಫ್ ಎಂದು ಊದಿ ಬಾರ ಹಾಕಿ, ಇನ್ನೇನು ಒಳಸುತ್ತಿಗೆ ಕಾಲಿಡಲಿದ್ದ ನನ್ನ ಕಾಯಿಯನ್ನು ಹೊಡೆದಳು.

‘ಅಜ್ಜೀ, ಮೋಸ! ಕವಡೆ ಹಾಕ್ಲಿಲ್ಲ ನೀನು, ಇಟ್ಟೆ!’ ಎಂದು ಕಿರುಚಿದೆ. ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿದರು.

ಕಾಯಿ ನಡುಮನೆ ಸೇರಿದರೆ ‘ಹಣ್ಣಾಯ್ತು’ ಅನ್ನುತ್ತೇವೆ. ಫಾರಂನ ಕಡೆಯ ಕಾಲಂ ‘ಕಲಿಕಾ ಫಲ’. ಹೀಗೆ ತುಂಬಿದ್ದೇನೆ: ಒಂದೂ ಹಣ್ಣಾಗಲಿಲ್ಲ. ಕಾಫಿ ಬಂತು. ಮತ್ತೊಂದಾಟಕ್ಕೆ ಕೂತೆವು.