ಡಾಟ್‌ನೆಟ್ ಸಂಧಿ ಪ್ರಕರಣ

ಸೂತ್ರ: ಕೂಡುವವು ಮೂರಾದರೂ ಕೂಡಿಸುವ ಯಜಮಾನ ಒಬ್ಬನೇ ಆದಲ್ಲಿ ಅದು ಕಂಪನಿಸಂಧಿ.

ವೃತ್ತಿ: ಎರಡು ಅಕ್ಷರಗಳು ಕಾಲವಿಳಂಬವಿಲ್ಲದೆ ಕೂಡುವುದೇ ಸಂಧಿ ಎಂದು ಶಾಲೆಯಲ್ಲಿ ಬೆತ್ತದ ಸಹಕಾರದಿಂದ ಕಲಿತವರು ನಾವು. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಂಧಿಗೇ ಒಂದು ಪ್ರಕರಣ ಬರೆದ. ಅವನ ಕಾಲಕ್ಕೆ ಮೈಕ್ರೋಸಾಫ್ಟ್ ಇರಲಿಲ್ಲವಾಗಿ ಪ್ರಕರಣ ಅಪೂರ್ಣವಾಗಿ ಉಳಿಯಿತು. ಆ ಕೊರತೆ ತುಂಬುವ ಭಾರ ಕಾಲಕ್ರಮದಲ್ಲಿ ಈ ಪ್ರಬಂಧಕಾರನ ಹೆಗಲಿಗೆ ಬಿದ್ದಿದೆ. ಹೊರಿಸಿದವರು ಯಾರೂ ಇಲ್ಲ, ಅದು ಬೇರೆ ಮಾತು.

ಮೊದಲು ಪೂರ್ವಪದಗಳ ವಿಚಾರ. 2002ರಲ್ಲಿ ಮೈಕ್ರೋಸಾಫ್ಟ್‌ನ ತಂತ್ರಾಂಶ ವೇದಿಕೆ ಡಾಟ್‌ನೆಟ್ ಫ್ರೇಮ್‌ವರ್ಕ್ ಹುಟ್ಟಿತು. ವಿಂಡೋಸ್‌ನ ಹೊಸಿಲು ದಾಟದ ಮನೆಮಗ. ಅದರ ತದ್ರೂಪವನ್ನು ಹೊರಗಿನವರು ಲಿನಕ್ಸ್‌ಗಾಗಿ ತಾವೇ ಬರೆದುಕೊಂಡು ಮೋನೋ ಎಂದು ಕರೆದರು; 2004ರಲ್ಲಿ ಅದರ ಮೊದಲ ಆವೃತ್ತಿ ಬಂತು. ಮೋನೋವನ್ನು ಮೊಬೈಲಿಗೆ ಹೊತ್ತೊಯ್ದ ಝಾಮರಿನ್ ಕಂಪನಿಯನ್ನು 2016ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. ಅದೇ ವರ್ಷ ತಾನೇ ಡಾಟ್‌ನೆಟ್ ಕೋರ್ ಎಂಬ ಇನ್ನೊಂದನ್ನು ಹೆತ್ತಿತು. ಒಂದೇ ಸೂರಿನಡಿ ಮೂರು ಒಲೆ. ಮೂವರೂ ಆಡುವುದು ಸಿ-ಶಾರ್ಪ್ ಭಾಷೆಯನ್ನೇ. ಆದರೆ ಒಂದು ಒಲೆಯ ಮೇಲೆ ಬೆಂದದ್ದು ಇನ್ನೊಂದರ ಪಂಕ್ತಿಗೆ ಬಡಿಸಲು ಬರದು.

ಇಂಥಲ್ಲಿ ಮೊದಲು ಪ್ರಯೋಗವಾದದ್ದು ಆಗಮ. 'ಮನೆ' ಮತ್ತು 'ಅಲ್ಲಿ' ಸೇರುವಾಗ ನಡುವೆ ಒಂದು ಯಕಾರ ಬಂದು ಕೂರುತ್ತದೆ. ಅದಕ್ಕೆ ಸ್ವಂತ ಅರ್ಥವಿಲ್ಲ, ಆಸ್ತಿಯಿಲ್ಲ. ಅದಿಲ್ಲದಿದ್ದರೆ ಮಾತ್ರ ನಾಲಿಗೆ ತಡವರಿಸುತ್ತದೆ. 'ಡಾಟ್‌ನೆಟ್ ಸ್ಟ್ಯಾಂಡರ್ಡ್' ಎಂಬುದು ಇಂಥದೇ ಯಕಾರ. ಅದನ್ನು ಇನ್‌ಸ್ಟಾಲ್ ಮಾಡಿ ಓಡಿಸಲಾಗದು, ಏಕೆಂದರೆ ಅದು ತಂತ್ರಾಂಶವೇ ಅಲ್ಲ. ಮೂರೂ ಒಲೆಗಳಲ್ಲಿ ಇರಲೇಬೇಕಾದ ಪಾತ್ರೆಪಡಗಗಳ ಪಟ್ಟಿ ಅಷ್ಟೆ. 2017ರ 2.0 ಆವೃತ್ತಿಯಲ್ಲಿ ಆ ಪಟ್ಟಿ 32,000 ಎಪಿಐಗಳನ್ನು ದಾಟಿತು. ಇಷ್ಟು ದಪ್ಪದ ಯಕಾರ ಕನ್ನಡ ಕಂಡಿಲ್ಲ.

2019ರ ಮೇ ತಿಂಗಳಲ್ಲಿ ಕಂಪನಿ ಸಾರಿತು: ಇನ್ನು ಮುಂದೆ ಡಾಟ್‌ನೆಟ್ ಒಂದೇ, ಅದರ ಹೆಸರು ಡಾಟ್‌ನೆಟ್ 5. ಇಲ್ಲಿಂದ ಲೋಪಸಂಧಿ. ಕೋರ್‌ನ ಲೆಕ್ಕ 3.1ಕ್ಕೆ ನಿಂತಿತು; ಮುಂದಿನದು 4 ಆಗಬೇಕು. ಆದರೆ ಫ್ರೇಮ್‌ವರ್ಕ್ ಆಗಲೇ 4.8ರಲ್ಲಿ ಕುಳಿತಿತ್ತು. ದಾಯಾದಿಗಳಿಬ್ಬರಿಗೂ ಒಂದೇ ಅಂಕಿ ಬೇಡವೆಂದು 4 ಲೋಪವಾಯಿತು. ಜೊತೆಗೆ 'ಕೋರ್' ಎಂಬ ಪದವೂ ಲೋಪ. ಆದರೆ ಅದೇ ಮನೆಯ ವೆಬ್ ವಿಭಾಗದಲ್ಲಿ ಹಳೆಯ 'ಎಎಸ್‌ಪಿ ಡಾಟ್‌ನೆಟ್ ಎಂವಿಸಿ 5' ಎಂಬ ಹಿರಿಯರೊಬ್ಬರಿದ್ದರು. ಅವರೊಡನೆ ಗೊಂದಲವಾದೀತೆಂದು 'ಎಎಸ್‌ಪಿ ಡಾಟ್‌ನೆಟ್ ಕೋರ್' ಮಾತ್ರ ಕೋರ್ ಆಗಿಯೇ ಉಳಿಯಿತು. ಗೊಂದಲ ತಪ್ಪಿಸಲು ಒಂದು ಕಡೆ ಕಿತ್ತದ್ದನ್ನು ಗೊಂದಲ ತಪ್ಪಿಸಲೆಂದೇ ಇನ್ನೊಂದು ಕಡೆ ಉಳಿಸಿಕೊಳ್ಳುವ ಈ ವಿಕಲ್ಪಕ್ಕೆ ಪಾಣಿನಿಯೂ ತಲೆದೂಗುತ್ತಿದ್ದ, ಯಾವ ದಿಕ್ಕಿಗೆ ಎಂದು ಹೇಳಲಾರೆ.

ಪೂರ್ವಪಕ್ಷ: ಲಕ್ಷಣದಲ್ಲಿ 'ಕಾಲವಿಳಂಬವಿಲ್ಲದೆ' ಎಂದಿದೆಯಲ್ಲ? ಸಮಾಧಾನ: ಡಾಟ್‌ನೆಟ್ 5 ಬಂದದ್ದು 2020ರ ನವೆಂಬರಿನಲ್ಲಿ. ಅಷ್ಟರಲ್ಲಿ ಝಾಮರಿನ್‌ನ ಕೂಡುವಿಕೆ 6ನೇ ಆವೃತ್ತಿಗೆ ಹೋಗಿತ್ತು. 2021ರ ನವೆಂಬರಿನಲ್ಲಿ 6 ಬಂದಾಗ ಝಾಮರಿನ್‌ನ ಉತ್ತರಾಧಿಕಾರಿ 'ಮಾವಿ' ಇನ್ನೂ ಸಿದ್ಧವಾಗಿರಲಿಲ್ಲ. ಅದರ ಪ್ರವೇಶ 2022ರ ಮೇ ತಿಂಗಳಲ್ಲಿ. ಮುಹೂರ್ತ ಮೀರಿದ ಮೇಲೆ ವರ ಬಂದರೂ ಮದುವೆ ಮದುವೆಯೇ. ಒಳಹೊಕ್ಕು ನೋಡಿದವರಿಗೆ ಇನ್ನೊಂದು ರಹಸ್ಯವೂ ತಿಳಿಯುತ್ತದೆ: ಸಂಧಿಯಾದ ಮೇಲೂ ಒಳಗೆ ಓಡುವ ಎಂಜಿನ್‌ಗಳು ಎರಡು, ಕೋರ್‌ನದೊಂದು, ಮೋನೋದ್ದೊಂದು. ಪದ ಕೂಡಿದೆ, ಒಲೆ ಕೂಡಿಲ್ಲ.

ಸೂತ್ರ: 'ಅಯ್ಯೋ' ಎಂದಲ್ಲಿ ಸಂಧಿಯಿಲ್ಲ.

ವೃತ್ತಿ: ಇದು ನನ್ನ ಕಲ್ಪನೆಯಲ್ಲ. ಭಾವಸೂಚಕ ಪದಗಳ ಮುಂದೆ ಸ್ವರ ಬಂದರೂ ಸಂಧಿಯಾಗದೆ ಹಾಗೇ ನಿಲ್ಲುವುದಕ್ಕೆ ಪ್ರಕೃತಿಭಾವವೆಂದು ಹೆಸರು. 'ಅಯ್ಯೋ ಇದೇನು' ಎಂಬುದನ್ನು ಯಾರೂ ಕೂಡಿಸಿ ಬರೆಯುವುದಿಲ್ಲ. ಫ್ರೇಮ್‌ವರ್ಕ್‌ನ ಹಳೆಯ ವೆಬ್ ಫಾರ್ಮ್ಸ್‌ನಲ್ಲಿ ಕಟ್ಟಿದ ಜಾಲತಾಣಗಳವರಿಗೆ ಹೊಸ ಮನೆಯಲ್ಲಿ ಕೋಣೆಯೇ ಇಲ್ಲ. ಅವರು ಎರಡೇ ಅಕ್ಷರ ಉಚ್ಚರಿಸಿದರು, ಸಂಧಿ ಅಲ್ಲಿಗೇ ನಿಂತಿತು. ಫ್ರೇಮ್‌ವರ್ಕ್ 4.8ನ್ನು ಕೊನೆಯ ದೊಡ್ಡ ಆವೃತ್ತಿ ಎಂದು ಸಾರಿದ್ದರು. 2022ರಲ್ಲಿ 4.8.1 ಬಂತು! ಚಿಕ್ಕದಾದ್ದರಿಂದ ಮಾತು ತಪ್ಪಿದಂತಾಗಲಿಲ್ಲ.

ಇನ್ನು ಬಿಂದುವಿನ ಮಹಿಮೆ. ನಮ್ಮಲ್ಲಿ ಬಿಂದುವಿನಿಂದ ಶುರುವಾಗುವ ಪದವಿಲ್ಲ. ಅದು ಯೋಗವಾಹ, ಹಿಂದೊಂದು ಸ್ವರದ ಆಸರೆ ಬೇಕು. ಈ ವೇದಿಕೆಯ ಹೆಸರಾದರೋ ಬಿಂದುವಿನಿಂದಲೇ ಶುರು. ಅಷ್ಟಕ್ಕೇ ಮುಗಿಯಲಿಲ್ಲ. ಕೋಡು ಯಾವ ವೇದಿಕೆಗೆಂದು ಪ್ರಾಜೆಕ್ಟ್ ಕಡತದಲ್ಲಿ ನಮೂದಿಸುವಾಗ 'ನೆಟ್10.0' ಎಂದರೆ 2025ರ ನವೆಂಬರಿನ ಹೊಚ್ಚಹೊಸತು. ಚುಕ್ಕಿಯನ್ನೂ ಅದರ ಬಾಲದ ಸೊನ್ನೆಯನ್ನೂ ಬಿಟ್ಟು 'ನೆಟ್10' ಎಂದಿರೋ, ಅದು 2002ರ ಫ್ರೇಮ್‌ವರ್ಕ್ 1.0ರ ಸಂಕೇತ. ಒಂದು ಚುಕ್ಕಿಗೆ ಇಪ್ಪತ್ಮೂರು ವರ್ಷ. ಅನುಸ್ವಾರ ತಪ್ಪಿದ್ದಕ್ಕೆ ನಮ್ಮ ಮೇಷ್ಟರು ಅರ್ಧ ಅಂಕ ಕಳೆಯುತ್ತಿದ್ದರು. ಎಂಥ ಕರುಣಾಳು!

ಉಳಿದದ್ದು ಆದೇಶಸಂಧಿ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಾಗ ಕಕಾರದ ಜಾಗಕ್ಕೆ ಗಕಾರ ಬರುತ್ತದೆ. ಕಂಪನಿಗಳಲ್ಲಿ ಆದೇಶ ಮೇಲಿನಿಂದ ಬರುತ್ತದೆ, ಹೆಸರಿನ ಜಾಗಕ್ಕೆ ಇನ್ನೊಂದು ಹೆಸರು ಬರುತ್ತದೆ. ಇದೇ ಕಂಪನಿ 2020ರಲ್ಲಿ ವಿಂಡೋಸ್ ಆ್ಯಪ್ ಕಟ್ಟುವ ಎರಡು ಪಂಥಗಳನ್ನು, ಅಂದರೆ ಹಳೆಯ ವಿನ್32 ಮತ್ತು ಹೊಸ ಯುಡಬ್ಲ್ಯುಪಿಗಳನ್ನು, ಒಂದು ಮಾಡಲು ಹೊರಟು ಆ ಯೋಜನೆಗೆ 'ಪ್ರಾಜೆಕ್ಟ್ ರಿಯೂನಿಯನ್' ಎಂದು ಹೆಸರಿಟ್ಟಿತ್ತು. ಪುನರ್ಮಿಲನ. ಮರುವರ್ಷವೇ ಅದು 'ವಿಂಡೋಸ್ ಆ್ಯಪ್ ಎಸ್‌ಡಿಕೆ' ಆಯಿತು. ನನ್ನ ಸೋದರಳಿಯ ಇದನ್ನು ಓದಿ, "ಮಾವ, ಇದನ್ನ ಆದೇಶ ಅಂತೀರೋ ಲೋಪ ಅಂತೀರೋ? ಮಿಲನವೇ ಬಿಟ್ಟುಹೋಗಿದೆಯಲ್ಲ" ಅಂದ. ಅವನು ಆ ಕ್ಷೇತ್ರದಲ್ಲೇ ಸಂಬಳ ಎಣಿಸುವವನಾದ್ದರಿಂದ ಅವನ ಮಾತನ್ನು ಪಾಠಾಂತರವಾಗಿ ಇಲ್ಲಿ ದಾಖಲಿಸಿದ್ದೇನೆ.

ಕನ್ನಡ ಪದಕ್ಕೆ ಸಂಸ್ಕೃತವನ್ನು ಗಂಟುಹಾಕುವ ಅರಿಸಮಾಸವನ್ನು ನಿಷೇಧಿಸಿದ ಕೇಶಿರಾಜ ಬಿರುದಾವಳಿಗೆ ವಿನಾಯಿತಿ ಕೊಟ್ಟ. ಹೊರಗಿನ ಮೋನೋವನ್ನು ಒಳಗಿನ ಕೋರ್‌ಗೆ ಗಂಟುಹಾಕಿ 'ಒಂದೇ ಡಾಟ್‌ನೆಟ್' ಎಂದು ಹೊಗಳುವುದು ಅದೇ ವಿನಾಯಿತಿಯಡಿ ಬರುತ್ತದೆಯೇ ಎಂಬುದನ್ನು ಸಮಾಸ ಪ್ರಕರಣದಲ್ಲಿ ನಿರ್ಣಯಿಸಬೇಕು. ಆ ಪ್ರಕರಣವನ್ನೂ ಈ ಪ್ರಬಂಧದಲ್ಲೇ ಕೂಡಿಸುವುದಾಗಿ ಸಂಪಾದಕರಿಗೆ ಮಾತು ಕೊಟ್ಟಿದ್ದೆ. ಅದು 6ನೇ ಆವೃತ್ತಿಯಲ್ಲಿ ಬರುತ್ತದೆ.