ಕಣಗಾಲ್ ಶ್ರೇಯಾಂಕ ಮೀಮಾಂಸೆ: ಹೌನ್ಸ್‌ಲೋ ಪಾಠ

ಪುಟ್ಟಣ್ಣ ಕಣಗಾಲರ ಚಿತ್ರಗಳಲ್ಲಿ ಮೊದಲ ಸ್ಥಾನ ಯಾವುದಕ್ಕೆ ಎಂಬ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಎತ್ತಿದರೆ ಬೈಟೂ ಕಾಫಿ ಮುಗಿಯುವುದರೊಳಗೆ ಇತ್ಯರ್ಥವಾಗುತ್ತದೆ. ಗ್ರೇಟರ್ ಲಂಡನ್ನಿನಲ್ಲಿ ಅದೊಂದು ಶಾಸ್ತ್ರ. ಹೌನ್ಸ್‌ಲೋ, ಹ್ಯಾರೋ, ಇಲ್ಫರ್ಡ್, ಕ್ರಾಯ್ಡನ್ ಎಂಬ ನಾಲ್ಕು ಪೀಠಗಳಲ್ಲಿ ಇದರ ಅಧ್ಯಯನ ನಡೆಯುತ್ತದೆ. ವಿದ್ವತ್ಸಭೆ ಸೇರುವುದು ಯುಗಾದಿಗೆ ಮತ್ತು ರಾಜ್ಯೋತ್ಸವಕ್ಕೆ, ಮಕ್ಕಳ ಛದ್ಮವೇಷ ಮುಗಿದ ಮೇಲೆ, ಬಾಡಿಗೆ ಹಾಲಿನ ಉಸ್ತುವಾರಿ ಬಂದು ಬೀಗದ ಕೈ ಅಲ್ಲಾಡಿಸುವ ತನಕ. ಆಮೇಲೆ ಕಾರ್ ಪಾರ್ಕಿನಲ್ಲಿ. ಪುಟ್ಟಣ್ಣನವರು 1985ರಲ್ಲಿ ತೀರಿಕೊಂಡದ್ದು ಕನ್ನಡಕ್ಕೆ ನಷ್ಟವೇ ಆದರೂ ಶಾಸ್ತ್ರಕ್ಕೆ ಅನುಕೂಲ: ಗ್ರಂಥರಾಶಿ ಇನ್ನು ಬೆಳೆಯುವ ಭಯವಿಲ್ಲ, ವ್ಯಾಖ್ಯಾನ ಮಾತ್ರ ಬೆಳೆಯಬೇಕು.

ಈ ಊರಿಗೆ ಶ್ರೇಯಾಂಕದ ಚಟ ಹೊಸದಲ್ಲ. ಇಲ್ಲಿನ ಸೈಟ್ ಅಂಡ್ ಸೌಂಡ್ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ಜಗತ್ತಿನ ವಿಮರ್ಶಕರನ್ನೆಲ್ಲ ಕೇಳಿ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡುತ್ತದೆ. 1962ರಿಂದ 2002ರವರೆಗೆ ಐದು ಸಲ ಸಿಟಿಜನ್ ಕೇನ್ ಮೊದಲು ಬಂತು. 2012ರಲ್ಲಿ ಅದನ್ನು ಕೆಳಗಿಳಿಸಿ ಹಿಚ್‌ಕಾಕ್‌ನ ವರ್ಟಿಗೋ ಕೂರಿಸಿದರು. ಹಿಚ್‌ಕಾಕ್ ಲೇಟನ್‌ಸ್ಟೋನಿನ ಹುಡುಗ, ಇಲ್ಫರ್ಡ್ ಪೀಠಕ್ಕೆ ನೆರೆಯವನು. 2022ರಲ್ಲಿ 1,600ಕ್ಕೂ ಹೆಚ್ಚು ಮಂದಿ ಮತ ಹಾಕಿ ಅವನನ್ನೂ ಇಳಿಸಿ, ಷಾಂಟಾಲ್ ಅಕೆರ್ಮನ್‌ಳ ಜಾನ್ ಡೀಲ್‌ಮನ್‌ಗೆ ಪಟ್ಟ ಕಟ್ಟಿದರು. ಹೆಂಗಸೊಬ್ಬಳು ಮೂರು ಗಂಟೆಗೂ ಮೀರಿ ಆಲೂಗಡ್ಡೆ ಸುಲಿಯುವುದು, ಪಾತ್ರೆ ತೊಳೆಯುವುದು ಇತ್ಯಾದಿ ಮಾಡುವ ಚಿತ್ರ ಅದು. ನಮ್ಮ ಪಂಡಿತರು ಇದನ್ನು ಲಘುವಾಗಿ ಕಂಡಿದ್ದಾರೆ. ಚಿತ್ರವನ್ನಲ್ಲ, ಉತ್ತರ ಬದಲಿಸುವ ಚಾಂಚಲ್ಯವನ್ನು. ಹೌನ್ಸ್‌ಲೋ ಪೀಠದಲ್ಲಿ ಯಾರೊಬ್ಬರೂ ಒಮ್ಮೆ ಹೇಳಿದ ಶ್ರೇಯಾಂಕವನ್ನು ತಿದ್ದಿಕೊಂಡ ದಾಖಲೆಯಿಲ್ಲ.

ಈ ಸ್ಥೈರ್ಯದ ಮೂಲ ಶಾಸ್ತ್ರದ ಪ್ರಮಾಣ ವ್ಯವಸ್ಥೆಯಲ್ಲಿದೆ. ಬೇರೆಲ್ಲ ದರ್ಶನಗಳಲ್ಲಿ ಪ್ರತ್ಯಕ್ಷವೇ ಮೊದಲ ಪ್ರಮಾಣ. ಶ್ರೇಯಾಂಕ ಮೀಮಾಂಸೆಯಲ್ಲಿ ಅದು ದೋಷ. ಚಿತ್ರವನ್ನು ಈಚೆಗೆ ನೋಡಿದವನು ವಾದಕ್ಕೆ ಅನರ್ಹ. "ಹೋದ ವಾರವಷ್ಟೇ ಗೆಜ್ಜೆಪೂಜೆ ನೋಡಿದೆ ಸಾರ್" ಎಂದು ಬಾಯಿಬಿಟ್ಟವನನ್ನು ಸಭೆ ಕನಿಕರದಿಂದ ನೋಡುತ್ತದೆ. ಕಂಡದ್ದು ಅವನ ಸ್ಮೃತಿಯನ್ನು ಕೆಡಿಸಿದೆಯಲ್ಲ! ಹದಿನೆಂಟರ ವಯಸ್ಸಿನಲ್ಲಿ ಮೈಸೂರಿನ ಟಾಕೀಸಿನ ಸೆಕೆಂಡ್ ಕ್ಲಾಸಿನಲ್ಲಿ ಕೂತು, ಮುಂದಿನವರ ತಲೆಯ ಸಂದಿಯಿಂದ ಒಮ್ಮೆ ನೋಡಿ, ನಾಲ್ವತ್ತು ವರ್ಷ ಮಾಗಿಸಿದ ನೆನಪು ಮಾತ್ರ ಗ್ರಾಹ್ಯ. ಇದರಿಂದಲೇ ವಲಸೆ ನಿಯಮ ಹೊರಡುತ್ತದೆ: ಯಾರೇ ಆಗಲಿ, ಹೀಥ್ರೋದಲ್ಲಿ ಇಳಿಯುವ ಮುಂಚೆ ಕೊನೆಯದಾಗಿ ನೋಡಿದ ಪುಟ್ಟಣ್ಣನ ಚಿತ್ರವೇ ಅವರ ಪಾಲಿಗೆ ಶ್ರೇಷ್ಠ. 1970ರಲ್ಲಿ ಬಂದವರು ಗೆಜ್ಜೆಪೂಜೆಯವರು, 1982ರಲ್ಲಿ ಬಂದವರು ರಂಗನಾಯಕಿಯವರು. ಐಟಿ ಕಾಲದಲ್ಲಿ ಬಂದವರು ಎಲ್ಲವನ್ನೂ ಉದಯ ಟಿವಿಯಲ್ಲಿ, ಜಾಹೀರಾತಿನ ನಡುವೆ ನೋಡಿದವರು. ಅವರಿಗೆ ಮತದಾನದ ಹಕ್ಕಿಲ್ಲ, ಕುರ್ಚಿ ಮಡಿಸುವ ಹಕ್ಕಿದೆ.

ಇನ್ನು ಹಸ್ತಪ್ರತಿ ವಿಚಾರ. ಶಾಸ್ತ್ರದ ಆಕರಗಳು ಮನೆಯ ಅಟ್ಟದಲ್ಲಿರುವ ವಿಎಚ್‌ಎಸ್ ಕ್ಯಾಸೆಟ್ಟುಗಳು. ಇಲ್ಲಿ ಲಂಡನ್ನಿಗೊಂದು ಹೆಚ್ಚುಗಾರಿಕೆಯಿದೆ. ಆಗ ಟಿವಿಯಲ್ಲಿ ಭಾರತದ್ದೂ ಬ್ರಿಟನ್ನಿನದೂ ಪಾಲ್ ಪದ್ಧತಿ, ಅಮೆರಿಕದ್ದು ಎನ್‌ಟಿಎಸ್‌ಸಿ. ಬೆಂಗಳೂರಿನಲ್ಲಿ ಕೊಂಡ ಕ್ಯಾಸೆಟ್ಟು ಹ್ಯಾರೋದ ಮನೆಯಲ್ಲಿ ಸಲೀಸಾಗಿ ಓಡಿತು, ನ್ಯೂಜೆರ್ಸಿಯಲ್ಲಿ ಬರೀ ಗೆರೆ ತೋರಿಸಿತು. ಅಮೆರಿಕ ಕನ್ನಡಿಗರ ಪುಟ್ಟಣ್ಣ ಪಾಂಡಿತ್ಯದ ಬಗ್ಗೆ ಇಲ್ಲಿಯವರು ನಸುನಗುವುದಕ್ಕೆ ಈ ವೈಜ್ಞಾನಿಕ ಆಧಾರವಿದೆ. ಪಾಠಾಂತರಗಳೂ ಇಲ್ಲದಿಲ್ಲ. ಎಡಕಲ್ಲು ಗುಡ್ಡದ ಮೇಲೆ ಚಿತ್ರಕ್ಕೆ ಕಪಿಲ್ ಪಾಠ ಎಂಬುದೊಂದಿದೆ: ಯಾರೋ ಪುಣ್ಯಾತ್ಮರು ಖಾಲಿ ಕ್ಯಾಸೆಟ್ಟು ಸಿಗದೆ ಅದರ ಕೊನೆಯ ಭಾಗದ ಮೇಲೆ 1983ರ ಲಾರ್ಡ್ಸ್ ಫೈನಲ್ ರೆಕಾರ್ಡ್ ಮಾಡಿದ್ದಾರೆ. ನಾಯಕಿ ಮಾಧವಿಯ ಗತಿ ಏನಾಯಿತೆಂದು ತಿಳಿಯುವ ಮೊದಲೇ ಮದನ್‌ಲಾಲ್ ಬೌಲಿಂಗಿನಲ್ಲಿ ರಿಚರ್ಡ್ಸ್ ಕಪಿಲ್‌ಗೆ ಕ್ಯಾಚಿತ್ತು ಹೊರನಡೆಯುತ್ತಾನೆ. ಈ ಪ್ರತಿಯಲ್ಲೇ ಚಿತ್ರ ನೋಡಿ ಬೆಳೆದವರು ಎಡಕಲ್ಲನ್ನು ಪುಟ್ಟಣ್ಣನವರ ಏಕೈಕ ಸುಖಾಂತ ಕೃತಿ ಎನ್ನುತ್ತಾರೆ. ಅದನ್ನು ಖಂಡಿಸುವುದು ಕಷ್ಟ.

ಶಾಖಾಭೇದಕ್ಕೆ ಬರೋಣ. ದುರ್ಗದವರ ಶಾಖೆ ಸರಳ: ಚಿತ್ರದುರ್ಗದ ಕೋಟೆ ಕಂಡದ್ದೇ ಸಾಕು, ನಾಗರಹಾವು ಮೊದಲು, ಮುಂದಿನ ಮಾತಿಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ 1972ರಲ್ಲಿ ತೆಗೆದ ಈ ಚಿತ್ರವನ್ನು ನೋಡಿ, ಸ್ವತಃ ಕಾದಂಬರಿಕಾರರೇ ಪುಟ್ಟಣ್ಣ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟ ಎಂದರೆಂದು ಪ್ರತೀತಿ. ಎದುರಾಳಿಗಳು ಇದನ್ನು ಎತ್ತಿದಾಗಲೆಲ್ಲ ದುರ್ಗದವರು ಚಿತ್ರದ ಪುಂಡ ಜಲೀಲನ ಹಾಗೆ ಕಾಲರ್ ಏರಿಸಿ, ಆ ಮಾತಿಗೂ ಪ್ರತ್ಯಕ್ಷ ಸಾಕ್ಷಿ ಬೇಡವೇ ಎಂದು ಕೇಳುತ್ತಾರೆ. ತಮಗೆ ಬೇಡವಾದಾಗ ಮಾತ್ರ ಪ್ರತ್ಯಕ್ಷ ಬೇಕು ಎನ್ನುವುದು ಈ ಶಾಖೆಯ ವಿಶೇಷ.

ವೈದ್ಯರ ಶಾಖೆಯೇ ಹಿರಿದು; ಲಂಡನ್ ಕನ್ನಡದ ಹಳೆಯ ತಲೆಮಾರಿನಲ್ಲಿ ಎನ್‌ಎಚ್‌ಎಸ್ ಡಾಕ್ಟರುಗಳು ಕಡಿಮೆಯಿಲ್ಲವಲ್ಲ. ಅವರಿಗೆ 1971ರ ಶರಪಂಜರ ಚಿತ್ರವಲ್ಲ, ಕೇಸ್. ತ್ರಿವೇಣಿಯವರ ಕಾದಂಬರಿಯ ನಾಯಕಿ ಕಾವೇರಿಗೆ ಆದದ್ದು ಬಾಣಂತಿ ಸನ್ನಿ; ಗುಣವಾಗಿ ಮನೆಗೆ ಬಂದವಳನ್ನು ಮನೆಯೇ ಮತ್ತೆ ಕೆಡವಿತು. ಆಗ ಕಾವೇರಿಯಾಗಿ ಕಲ್ಪನಾ ತಿರುಗಿ ನೋಡುವ ನೋಟವನ್ನು ನೆನೆದೇ ಗಂಟಲು ಕಟ್ಟಿಕೊಂಡವರನ್ನು ನಾನು ಬಲ್ಲೆ. ಆದರೆ ಗಂಟಲು ಸರಿಯಾದ ಕೂಡಲೇ ಶಾಸ್ತ್ರ ಶುರು. ಬ್ರಾಮ್ಲಿ ಕಡೆಯ ಬೆಕೆನ್‌ಹ್ಯಾಮಿನಲ್ಲಿ ಬೆತ್ಲೆಮ್ ರಾಯಲ್ ಆಸ್ಪತ್ರೆಯಿದೆ, 1247ರ ಮೂಲದ್ದು. ಅಲ್ಲಿ ತಾಯಿ ಮಗುವನ್ನು ಅಗಲಿಸದೆ ಒಟ್ಟಿಗೇ ಇರಿಸಿ ಈ ಕಾಯಿಲೆಗೆ ಚಿಕಿತ್ಸೆ ಕೊಡುತ್ತಾರೆ. ಕಾವೇರಿಯನ್ನು ಅಲ್ಲಿಗೆ ಸೇರಿಸಿದ್ದರೆ ಚಿತ್ರ ಇಂಟರ್ವಲ್‌ಗೇ ಮುಗಿಯುತ್ತಿತ್ತು ಎಂಬುದು ಪೂರ್ವಪಕ್ಷ. ಸೇರಿಸಬಹುದಿತ್ತು, ಆದರೆ ಹಾಸಿಗೆ ಖಾಲಿಯಿರಬೇಕಲ್ಲ, ಕಾಯುವ ದೃಶ್ಯವೇ ಮೂರು ರೀಲು ಆಗುತ್ತಿತ್ತು ಎಂಬುದು ಸಿದ್ಧಾಂತ. ಇದರಿಂದ ಶರಪಂಜರದ ಸ್ಥಾನ ಎಷ್ಟನೆಯದಾಯಿತು ಎಂದು ಕೇಳುವವರು ಶಾಸ್ತ್ರ ಓದದವರು.

ಎಣಿಕೆಯ ತೊಡಕುಗಳನ್ನು ಇಲ್ಲಿ ಸಂಕ್ಷೇಪಿಸುತ್ತೇನೆ. ಕಥಾಸಂಗಮದಲ್ಲಿ ಮೂರು ಕಥೆಗಳಿವೆ. ಅದು ಒಂದು ಸ್ಥಾನವೋ ಮೂರೋ? ಮಸಣದ ಹೂವು ಪೂರ್ತಿಯಾಗುವ ಮೊದಲೇ ಪುಟ್ಟಣ್ಣ ಹೋದರು, ಕೆ.ಎಸ್.ಎಲ್. ಸ್ವಾಮಿ ಮುಗಿಸಿಕೊಟ್ಟರು, ಅದಕ್ಕೆ ಪೂರ್ಣಾಂಕವೋ ಭಿನ್ನರಾಶಿಯೋ? ನಾಗರಹಾವನ್ನು ಅವರೇ ಹಿಂದಿಯಲ್ಲಿ ಜಹ್ರೀಲಾ ಇನ್ಸಾನ್ ಎಂದು ಮತ್ತೆ ತೆಗೆದರು. ಅದರ ಬಗ್ಗೆ ಎಲ್ಲ ಪೀಠಗಳೂ ಒಮ್ಮತದಿಂದ ಮೌನ.

ಒಮ್ಮತ ಎಂದೆನಲ್ಲ, ಅಪಾಯ ಬಂದದ್ದೇ ಅಲ್ಲಿಂದ. ಒಂದು ಯುಗಾದಿಯಲ್ಲಿ ಯಾರೋ ಹೊಸಬರು, ಹಾಲಿನಲ್ಲಿ ಪ್ರೊಜೆಕ್ಟರ್ ಇದೆ, ಶರಪಂಜರವನ್ನೇ ಹಾಕಿ ನೋಡಿ ತೀರ್ಮಾನಿಸೋಣ ಎಂದುಬಿಟ್ಟರು. ಸಭೆ ನಡುಗಿತು. ಎಚ್‌ಡಿಎಂಐ ಕೇಬಲ್ ಸರಿಹೊಂದದೆ ಶಾಸ್ತ್ರ ಉಳಿಯಿತು. ಹೀಗಿರುವಾಗ, ಹುಳಿಯನ್ನದ ಕೊಳಗ ಉಜ್ಜುತ್ತಿದ್ದ ಆಂಟಿಯೊಬ್ಬರು ಅಡುಗೆಮನೆಯ ಕಿಟಕಿಯಿಂದ ಬಗ್ಗಿ, "ಅದ್ಯಾಕೆ ಪರದಾಡ್ತೀರಿ, ನಾನು ಮೊನ್ನೆ ಚಪಾತಿ ಲಟ್ಟಿಸ್ತಾ ನೋಡ್ದೆ, ನಮ್ಮ ಗುಂಪಿನವರೆಲ್ಲ ನೋಡಿದ್ದೀವಿ" ಎಂದರು. ಹೆಣ್ಣಿನ ಅಂತರಂಗದ ನಿರ್ದೇಶಕನ ಬಗ್ಗೆ ಮಾತಾಡಬಲ್ಲ ಅಷ್ಟೂ ಜನ ಹೀಗೆ ಒಂದೇ ಮಾತಿಗೆ ಅನರ್ಹರಾದರು. ಆದರೂ ಆಕೆ ಬಿಡಲಿಲ್ಲ. "ಇಷ್ಟು ವರ್ಷ ವಾದ ಮಾಡಿದ್ದೀರಲ್ಲ, ಕಾವೇರಿ ಗಂಡನ ಹೆಸರು ಹೇಳಿ ನೋಡೋಣ" ಎಂದರು.

ಪೀಠ ಹತ್ತು ನಿಮಿಷ ಸಮಾಲೋಚಿಸಿ, ಪ್ರಶ್ನೆ ಪಠ್ಯಕ್ರಮದ ಹೊರಗಿನದು ಎಂದು ತೀರ್ಪಿತ್ತು, ಕಾರ್ ಪಾರ್ಕಿಗೆ ಹೊರಟಿತು.