ಸರ್ವಸನ್ನದ್ಧರು

ಹಗಲೆಲ್ಲ ಗಣಕಯಂತ್ರದ ಮುಂದೆ ಸೌಮ್ಯವಾಗಿ ಕುಳಿತು ಉದ್ಯೋಗಧರ್ಮವನ್ನು ಪಾಲಿಸುತ್ತ, ಎಂದಾದರೊಂದು ದಿನ ವಿಧಿಯು ತಮ್ಮನ್ನು ಘೋರಾರಣ್ಯದ ಮಧ್ಯದಲ್ಲಿ ಏಕಾಕಿಯಾಗಿ ಎಸೆದೇ ಎಸೆಯುವುದೆಂಬ ದೃಢವಿಶ್ವಾಸದಿಂದ, ಆ ಮುಹೂರ್ತಕ್ಕೆ ಬೇಕಾದ ಸಕಲ ಸಾಮಗ್ರಿಯನ್ನೂ ತಿಂಗಳ ಕಂತಿನಲ್ಲಿ ಕೊಂಡು ಶೇಖರಿಸುವ ಸಜ್ಜನರು ಬೆಂಗಳೂರಿನ ಬಡಾವಣೆಗಳಲ್ಲಿ ಈಚೆಗೆ ಹೇರಳವಾಗಿದ್ದಾರೆ. ಇವರನ್ನು ನಾನು ಸರ್ವಸನ್ನದ್ಧರೆಂದು ಕರೆಯುತ್ತೇನೆ.

ಇವರ ಮನೆಗೆ ಹೋದವರಿಗೆ ಕಾಫಿಗೆ ಮುಂಚೆ ಶಸ್ತ್ರದರ್ಶನವಾಗುತ್ತದೆ. ಸ್ವೀಡನ್ ದೇಶದ ಮೋರಾ ಊರಿನ ಚಾಕು ಒಂದು. ಕಾರ್ಲ್ ಎಲ್ಸೆನರ್ 1897ರಲ್ಲಿ ನೋಂದಾಯಿಸಿದ ಚಾಕುವಿನ ವಂಶಕ್ಕೆ ಸೇರಿ, ಕತ್ತರಿ ತಿರುಪುಳಿಗಳನ್ನೆಲ್ಲ ಗರ್ಭದಲ್ಲಿ ಧರಿಸಿದ ಸ್ವಿಸ್ ಚಾಕು ಮತ್ತೊಂದು. ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಅಖಂಡವಾಗಿ ಸಾಗಿರುವ ‘ಫುಲ್ ಟ್ಯಾಂಗ್’ ಚಾಕು ಇನ್ನೊಂದು. ಕಾರ್ಬನ್ ಉಕ್ಕು ಸುಲಭವಾಗಿ ಹರಿತಗೊಂಡರೂ ತುಕ್ಕಿಗೆ ವಶವಾಗುವುದೆಂದೂ, ಸ್ಟೇನ್‌ಲೆಸ್ಸು ತುಕ್ಕನ್ನು ತಡೆದರೂ ಮಸೆಗಲ್ಲಿಗೆ ಅಷ್ಟು ಬೇಗ ಮಣಿಯದೆಂದೂ ಅವರು ದ್ವೈತಾದ್ವೈತಗಳ ಗಾಂಭೀರ್ಯದಿಂದ ಪ್ರತಿಪಾದಿಸುತ್ತಿರುವಾಗ, ಒಳಗೆ ಅವರ ಪತ್ನಿ ಮೊಂಡು ಈಳಿಗೆಮಣೆಯೊಡನೆ ಹೋರಾಡುತ್ತ ಈರುಳ್ಳಿ ಹೆಚ್ಚುತ್ತಿರುತ್ತಾರೆ. ಸಂಗ್ರಹದ ಚಾಕುಗಳಿಗೆ ಈರುಳ್ಳಿಯ ರಸ ತಾಗಕೂಡದೆಂಬುದು ಆ ಮನೆಯ ನಿಯಮ.

ಅಗ್ನಿಯ ವಿಷಯದಲ್ಲಂತೂ ಇವರ ಶ್ರದ್ಧೆ ಆಹಿತಾಗ್ನಿಗಳನ್ನೂ ಮೀರಿಸುವಂಥದು. ನಮ್ಮ ಪೂರ್ವಜರು ಯಜ್ಞಕ್ಕೆ ಅರಣಿಯನ್ನೂ ಬೀಡಿಗೆ ಚಕಮಕಿಯನ್ನೂ ನೆಚ್ಚಿದ್ದರಾದರೆ, ಇವರು ನೆಚ್ಚಿರುವುದು ಆಸ್ಟ್ರಿಯದ ರಸಾಯನಶಾಸ್ತ್ರಜ್ಞ ಔವರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ನಿರ್ಮಿಸಿದ ಫೆರೋಸೀರಿಯಂ ಎಂಬ ಮಿಶ್ರಲೋಹದ ಕಡ್ಡಿಯನ್ನು. ಕಬ್ಬಿಣ, ಸೀರಿಯಂಗಳ ಈ ಕಡ್ಡಿಯನ್ನು ಉಕ್ಕಿನಿಂದ ಕೆರೆದರೆ ಸುಮಾರು 3000 ಡಿಗ್ರಿಯ ಕಿಡಿಗಳು ಹಾರುವುವು. ನೀರಿನಲ್ಲಿ ಅದ್ದಿ ತೆಗೆದರೂ ಅದರ ಪ್ರತಾಪ ಕುಂದದು.

ಆಷಾಢದ ಜಡಿಮಳೆಯಲ್ಲಿ ಮಲೆನಾಡಿನ ನೆಂಟರ ಮನೆಗೆ ಬಂದ ಸರ್ವಸನ್ನದ್ಧರೊಬ್ಬರು ಬಚ್ಚಲೊಲೆಯ ಮುಂದೆ ಕುಳಿತು ಈ ಕಡ್ಡಿಯನ್ನು ಕೆರೆಯತೊಡಗಿದರು. ನಕ್ಷತ್ರಗಳೇ ಉದುರಿದುವು, ಆದರೆ ಕಿಡಿ ಎಷ್ಟು ಉಷ್ಣವೋ ಅಷ್ಟೇ ಅಲ್ಪಾಯುವಾದ್ದರಿಂದ, ಒಣಗಿದ ನವಿರಾದ ನಾರು ಕಾದಿಲ್ಲದ ಕಡೆ ಅದು ಹುಟ್ಟಿದಲ್ಲೇ ಸಾಯುತ್ತದೆ, ಒಲೆಯಲ್ಲಿದ್ದುದಾದರೋ ಹಸಿ ಕುಂಟೆ. ಅರ್ಧ ಗಂಟೆಯ ತರುವಾಯ ಮನೆಯ ಅಜ್ಜಿ ಬಂದು, “ಕಿಡಿ ಬಹಳ ಚಂದ ಉಂಟು ಮಾರಾಯ, ಸ್ವಲ್ಪ ಆಚೆ ಸರಿ, ನೀರು ಕಾಯಬೇಕು” ಎಂದು, ಅಟ್ಟದಲ್ಲಿ ಬೆಚ್ಚಗಿದ್ದ ಅಡಕೆ ಸಿಪ್ಪೆಯನ್ನು ಒಲೆಗೆ ತುರುಕಿ ಒಂದೇ ಬೆಂಕಿಕಡ್ಡಿ ಗೀರಿದರು.

ಇನ್ನು ಕಾಡು. ಕುಮಾರಪರ್ವತವನ್ನೇರುವಾಗ ನಡುದಾರಿಯ ಗಿರಿಗದ್ದೆಯಲ್ಲಿ ಬಿಸಿ ಅನ್ನ ಸಾರು ಉಂಡು, ಸೊಂಟದ ಚಾಕುವಿನಿಂದ ಬಿಸ್ಕತ್ತಿನ ಪೊಟ್ಟಣವನ್ನು ಸೀಳುವುದಕ್ಕಿಂತ ಘನವಾದ ಪರಾಕ್ರಮಕ್ಕೆ ಅವಕಾಶ ಒದಗುವುದಿಲ್ಲ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದಂತೂ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಬೇಸಿಗೆಯ ಒಣಹುಲ್ಲಿಗೆ ಬಿದ್ದ ಒಂದು ಕಿಡಿ ಗುಡ್ಡವನ್ನೇ ನುಂಗಬಲ್ಲದಾದ್ದರಿಂದ ಆ ನಿಷೇಧ ಸರ್ವಥಾ ಯುಕ್ತ.

ಆದಕಾರಣ ಇಂಥವರೊಡನೆ ಚಾರಣಕ್ಕೆ ಹೊರಡುವ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ದಾರಿ ಬಲ್ಲ ಊರಿನವನೊಬ್ಬನನ್ನೂ ಬುತ್ತಿಯನ್ನೂ ಮರೆಯದಿರಿ, ಮಿಕ್ಕುದನ್ನೆಲ್ಲ ಅವರೇ ಹೊತ್ತು ತರುತ್ತಾರೆ, ಹಾಗೆಯೇ ಹೊತ್ತು ಒಯ್ಯುತ್ತಾರೆ.